ಎಂಟು ಸ್ಪೇಸು, ಒಂದು ಟ್ಯಾಬು

“ಮತ್ತೆ ಎರರ್!” ಅಮ್ಮ ಲ್ಯಾಪ್‌ಟಾಪಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತಳು.

ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತೂ ನಿಂತೂ ಸಾಕಾಗಿ ಮೇದಿನಿ ಬ್ಯಾಗಿನ ಮೇಲೇ ಕುಕ್ಕರಿಸಿದ್ದಳು. ಅಪ್ಪನಿಗೆ ವಡೋದರಾ ಹತ್ತಿರದ ಕೊಯಾಲಿಯ ತೈಲ ರಿಫೈನರಿಗೆ ಟ್ರಾನ್ಸ್‌ಫರ್ ಆಗಿತ್ತು. ದೀಪಾವಳಿ ಆದಮೇಲೆ ಅಪ್ಪನನ್ನು ಅವಳು ನೋಡಿಯೇ ಇಲ್ಲ. ಇವತ್ತು ಶನಿವಾರ, ತಮ್ಮ ಮನೆಯಿರುವ ಚಾಂದ್‌ಖೇಡಾದಿಂದ ಬೇಗ ಹೊರಟು ವಡೋದರಾ ಟ್ರೇನು ಹಿಡಿಯಬೇಕಿತ್ತು. ಅಷ್ಟರಲ್ಲಿ ಅಮ್ಮನ ಆಫೀಸಿನಿಂದ ಫೋನು ಬರಬೇಕೇ! ಬಿಲ್ಡ್ ನಿಂತುಹೋಗಿದೆ, ಸರಿಮಾಡಿಯೇ ಏಳಬೇಕಂತೆ. ಬೆಳಗಿನ ಟ್ರೇನು ಹೋಯಿತು. ಮಧ್ಯಾಹ್ನದ್ದೂ ಹೋಯಿತು.

“ಚಾಲೋ ನೆ ಅಮ್ಮಾ, ಹೊರಡೋಣ! ಬಿಲ್ಡ್ ಅಂದ್ರೆ ಬಿಲ್ಡಿಂಗಾ?”

“ಅಲ್ಲ ಕಣೇ. ನಾವೆಲ್ಲ ಬರೆದಿದ್ದನ್ನ ಕೂಡಿಸಿ ಆ್ಯಪ್ ಮಾಡೋದು. ಹೇಗೆ ಕೂಡಿಸ್ಬೇಕು ಅಂತ ಈ ಫೈಲಲ್ಲಿದೆ. ಆಫೀಸಿನ ಸುಮುಖ್ ನಿನ್ನೆ ಚಾಟಲ್ಲಿ ಒಂದು ಸಾಲು ಕಳಿಸಿದ್ದ, ಹಾಕಿದೆ. ಆಗಿನಿಂದ ಹೀಗೆ. ಒಂದಕ್ಷರಾನೂ ತಪ್ಪಿಲ್ಲ!”

ಕುಕ್ಕರ್ ಕೂಗಿತು. ಅಮ್ಮ ಅಡುಗೆಮನೆಗೆ ಓಡಿದಳು. ಮೇದಿನಿಗೆ ಆ ಲ್ಯಾಪ್‌ಟಾಪಿನ ಮೇಲೆ ಎಲ್ಲಿಲ್ಲದ ಸಿಟ್ಟು. ಅದರ ಮುಂದೆ ಕೂತು ಆ್ಯರೋ ಕೀ ಒತ್ತತೊಡಗಿದಳು. ಸಾಲುಗಳ ಮುಂದಿದ್ದ ಖಾಲಿ ಜಾಗವನ್ನು ಕರ್ಸರ್ ಒಂದೇ ನೆಗೆತಕ್ಕೆ ದಾಟುತ್ತಿತ್ತು. ಒಂದು ಸಾಲಿನಲ್ಲಿ ಮಾತ್ರ ಟುಕ್, ಟುಕ್, ಟುಕ್ ಎಂದು ನಿಂತು ನಿಂತು ಹೋಯಿತು.

“ಅಮ್ಮಾ, ಇಲ್ಲಿ ಮಾತ್ರ ಇದು ಕುಂಟ್ತಾ ಇದೆ ನೋಡು!”

ಅಮ್ಮ ಸೌಟು ಹಿಡಿದೇ ಬಂದು ನೋಡಿದಳು. “ಅಯ್ಯೋ ನನ್ನ ಕರ್ಮವೇ! ಒಂದೇ ನೆಗೆತದ ಟ್ಯಾಬ್ ಇರ್ಬೇಕಾದ ಕಡೆ ಎಂಟು ಸ್ಪೇಸ್ ಕೂತಿವೆ. ಚಾಟಿಂದ ಪೇಸ್ಟ್ ಮಾಡಿದ್ನಲ್ಲ, ಬದಲಾಗ್ಬಿಟ್ಟಿದೆ.”

“ಎರಡೂ ಖಾಲಿನೇ ಅಲ್ವಾ?”

“ನಮ್ಮ ಕಣ್ಣಿಗೆ ಖಾಲಿ. ಇದಕ್ಕೆ ಟ್ಯಾಬೇ ಬೇಕು ಅಂತ ಹಟ.” ಅಮ್ಮ ಸ್ಪೇಸುಗಳನ್ನು ಅಳಿಸಿ ಟ್ಯಾಬ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಬಿಲ್ಡ್ ಪಾಸ್!

“ಹೊರಡೋಣಾ?” ಮೇದಿನಿ ಕುಣಿದೇಬಿಟ್ಟಳು. ಅಮ್ಮ ಗಡಿಯಾರ ನೋಡಿದಳು. ಸಂಜೆ ಐದಾಗಿತ್ತು.

ವಿಡಿಯೊ ಕಾಲಿನಲ್ಲಿ ಅಪ್ಪ ಇಸ್ತ್ರಿ ಮಾಡಿದ ಶರ್ಟಿನಲ್ಲಿದ್ದ. “ಪರವಾಗಿಲ್ಲ ಪುಟ್ಟಿ. ನೀವು ಬರೋ ಹೊತ್ತಿಗೆ ನಾನು ನೈಟ್ ಶಿಫ್ಟಿಗೆ ಹೊರಟಿರ್ತೀನಿ. ನಾಳೆ ಹಗಲೆಲ್ಲ ನಿದ್ದೆ. ಬಂದ್ರೂ ನಿಂಗೆ ಬೋರು. ಮುಂದಿನ ವಾರ ಬಾ, ಆಯ್ತಾ?”

ಮುಂದಿನ ವಾರವಂತೆ! ಮೇದಿನಿ ಮುಖ ಊದಿಸಿಕೊಂಡು ಫೋನನ್ನು ಅಮ್ಮನಿಗೆ ಕೊಡಲು ಹೊರಟವಳು ಹಾಗೇ ನಿಂತಳು. ಅಪ್ಪನ ಹಿಂದೆ ಮೇಜಿನ ಮೇಲೆ ಮೂರು ತಟ್ಟೆಗಳನ್ನು ಕವುಚಿ ಇಟ್ಟಿತ್ತು. ಪಕ್ಕದಲ್ಲಿ ಮುಚ್ಚಿದ ಪಾತ್ರೆಗಳು.

“ಅಪ್ಪಾ, ಊಟ ಆಯ್ತಾ?”

“ಹೂಂ, ಆಗ್ಲೇ ಆಯ್ತಲ್ಲ!” ಎಂದ ಅಪ್ಪ, ಬೇರೆ ಎಲ್ಲೋ ನೋಡುತ್ತಾ.

ಬೆಳಗಿನಿಂದ ಕಾಯುತ್ತಿರುವುದು ತಾನೊಬ್ಬಳೇ ಎಂದುಕೊಂಡಿದ್ದಳು ಮೇದಿನಿ. ಅವಳ ಸಿಟ್ಟು ಎತ್ತ ಹೋಯಿತೋ ಗೊತ್ತಾಗಲಿಲ್ಲ.

“ಅಪ್ಪಾ, ನಾಳೆ ನೀನು ಮಲ್ಕೊಂಡೇ ಇರು. ನಾವು ಬರ್ತೀವಿ. ನಾನು ಮಾತಾಡ್ಸಲ್ಲ, ಟಿವಿ ಹಾಕಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ.”

ಅಪ್ಪ ಆಗಲಿ ಎಂದು ತಲೆ ಆಡಿಸಿದ. ಅಮ್ಮ ಬೆಳಗಿನ ಟ್ರೇನು ಹುಡುಕತೊಡಗಿದಳು.