ಕಿಟಕಿ ಇಲ್ಲದ ಕದ

"ಬಣ್ಣ ಯಾವುದರೇ ಹಚ್ರಿ ಸಾಹೇಬ್ರ. ಆದ್ರ ಈ ಗೋಡಿಮ್ಯಾಲ ಯಾರ ಹೆಸರೂ ಬರೀಬ್ಯಾಡ್ರಿ."

ಲಾಡಲೇಸಾಬ ಈ ಮಾತನ್ನು ಗೋಡೆಯ ಕಡೆ ನೋಡದೆ, ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತ ಹೇಳಿದ. ಇಬ್ರಾಹಿಂಪುರದಿಂದ ಸೈಕಲ್ ತುಳಿದುಕೊಂಡು ಬಂದಿದ್ದ, ಅರವತ್ತು ದಾಟಿದ ಪೇಂಟರ್ ಆತ. ಎದುರಿಗೆ ನಿಂತಿದ್ದ ಮನೆಯ ಯಜಮಾನ ಸಿದ್ದರಾಮನ ಕೈಯಲ್ಲಿ ಪೆನ್ಸಿಲ್ ಇತ್ತು.

"ಯಾಕ ಚಾಚಾ, ಗೋಡಿಗೆ ಓದಾಕ ಬರ್ತೈತೇನು? ಯಾವ ಸಾಲ್ಯಾಗ ಕಲ್ತೈತಿ?"

"ನಗಬ್ಯಾಡ್ರಿ. ಹಿಂದಿನ ಮಾಲಕರು ಇಲ್ಲಿ ಹೆಂಡ್ತಿ ಹೆಸರ ಬರಸಿದ್ರು, ಕಸ್ತೂರಿ ನಿಲಯ ಅಂತ. ನಾನ ಬರದಿದ್ದೆ. ಛಲೋ ಆಗಲಿಲ್ಲ." ಆತ ದನಿ ತಗ್ಗಿಸಿದ. "ಗೋಡಿಗೆ ಮೆತ್ತಿದ ಈ ಗಿಲಾವಿನ್ಯಾಗ ಮಾಟ ಕಲಸ್ಯಾರ್ರಿ."

ಸಿದ್ದರಾಮ ನಕ್ಕೇಬಿಟ್ಟ. ಕಾಲುವೆ ಕಾಮಗಾರಿಗೆ ಬರುವ ಸಿಮೆಂಟನ್ನು ಪರೀಕ್ಷಿಸಿ ಪಾಸು-ಫೇಲು ಬರೆಯುವುದೇ ಅವನ ಕೆಲಸ. ಗದಗದಿಂದ ವಿಜಯಪುರಕ್ಕೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. "ಗಿಲಾವಿನ್ಯಾಗ ಬೂದಿ ಕಲಸ್ತಾರ, ಮಣ್ಣ ಕಲಸ್ತಾರ. ಅವೆಲ್ಲಾ ಹಿಡದೇನಿ. ಮಾಟ ಇನ್ನೂ ಯಾವ ಸ್ಯಾಂಪಲ್‌ನ್ಯಾಗೂ ಸಿಕ್ಕಿಲ್ಲ ಚಾಚಾ."

ಜಲನಗರದ ಆ ಮನೆಯ ಮುಖ ಪಡುವಣಕ್ಕಿತ್ತು. ಒಳಗೆಲ್ಲ ಬಣ್ಣ ಕಂಡಿದ್ದ ಮನೆಯಲ್ಲಿ ಮುಂದಿನ ಗೋಡೆ ಮಾತ್ರ ವರ್ಷಗಟ್ಟಲೆ ಬರೀ ಸಿಮೆಂಟಿನ ಬೂದು ಬಣ್ಣದಲ್ಲೇ ನಿಂತಿತ್ತು. ವಿಜಯಪುರದಲ್ಲಿ ಪಡುವಣ ಗೋಡೆ ಎಂದರೆ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಕುಲುಮೆಯ ಬಾಯಿ. ಪ್ಲೈವುಡ್ ಕದಗಳು ಉಬ್ಬುತ್ತವೆ, ಪ್ಲಾಸ್ಟಿಕ್ಕಿನವು ಬಾಗುತ್ತವೆ. ಹಾಗಾಗಿ ಕಿಟಕಿಗಳ ಹೊರಗದಕ್ಕೆ ಹಳೆಯ ಸಾಗವಾನಿಯೇ ಸೈ ಎಂದು ಸಿದ್ದರಾಮ ತಿಕೋಟಾದ ಬಡಗಿಯೊಬ್ಬನಿಗೆ ಹೇಳಿ ಬಂದಿದ್ದ. ಉಳಿದದ್ದು ಗೋಡೆಯ ಬಣ್ಣ. ಮನೆಯಲ್ಲಿ ಮೂವರು, ಅಭಿಪ್ರಾಯವೂ ಮೂರು. ಅವನಿಗೆ ಕಾವಿ, ಹೆಂಡತಿ ಶೈಲಾಳಿಗೆ ಕೆನೆ ಬಣ್ಣ, ಒಂಬತ್ತು ವರ್ಷದ ಮಗಳು ರಾಜೇಶ್ವರಿಗೆ ಕಾಗದದ ಹೂವಿನಂಥ ಗುಲಾಬಿ ಬಣ್ಣ.

ಜಗಳಕ್ಕೆ ಅವನು ಪರೀಕ್ಷೆಯ ದಾರಿ ಹಿಡಿದ. ಮೂರು ಬಣ್ಣವನ್ನೂ ಗೋಡೆಗೆ ಗೇಣಗಲ ಬಳಿಯುವುದು. ಒಣಗಿದ ಮೇಲೆ ಪ್ರತಿಯೊಂದರ ಎಡ ಅರ್ಧಕ್ಕೆ ಕಪ್ಪು ಟೇಪು ಮುಚ್ಚುವುದು. ನಲವತ್ತು ದಿನ ಬಿಸಿಲು ಉಣ್ಣಿಸಿ ಟೇಪು ಕಿತ್ತರೆ ಯಾವುದು ಎಷ್ಟು ಮಾಸಿತು ಎಂಬುದು ಕಣ್ಣೆದುರೇ ಇರುತ್ತದೆ. ಲಾಡಲೇಸಾಬ ಬಳಿದು ಮುಗಿಸಿದ್ದ ಮೂರರ ಕೆಳಗೂ ಅವನು ಪೆನ್ಸಿಲಿನಿಂದ ಹೆಸರು ಬರೆದ. ಸಿದ್ದರಾಮ. ಶೈಲಾ. ರಾಜೇಶ್ವರಿ. ಜೊತೆಗೆ ತಾರೀಖು.

ಪೆನ್ಸಿಲಿನ ತುದಿ ತಾಗಿದಾಗ ಒಣಗಂಟಲು ಗುಟುಕು ನೀರು ನುಂಗಿದಂಥ ಸದ್ದು ಬಂತು. ಬಿಸಿ ಗೋಡೆಯಿಂದ ಮಳೆಗೆ ನೆನೆದ ಬೂದಿಯ ವಾಸನೆ ಎದ್ದಿತು. ಮಾರ್ಚ್ ತಿಂಗಳು, ಮಳೆಯ ಸುಳಿವಿರಲಿಲ್ಲ. ಲಾಡಲೇಸಾಬ ಡಬ್ಬಿ-ಕುಂಚ ಅಲ್ಲೇ ಬಿಟ್ಟು ಸೈಕಲ್ ಹತ್ತಿದ.

ಮರುದಿನ ಟೇಪು ಅಂಟಿಸಿದ ಸಂಜೆಯೇ ಶೈಲಾ ಹೇಳಿದಳು, "ಎಡಗಣ್ಣ ಕಾಣವಲ್ದು ನೋಡ್ರಿ. ಯಾರೋ ಕೈ ಅಡ್ಡ ಹಿಡದಂಗ ಆಗೈತಿ." ಸಿದ್ದರಾಮನ ಎಡಗಣ್ಣೂ ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಮಗಳು ರಾಜಿ ಬಲಗಣ್ಣು ಮುಚ್ಚಿಕೊಂಡು ಅಂಗಳದಲ್ಲಿ ಗೋಡೆ ತಡವುತ್ತ ನಡೆದು, ಇದೊಂದು ಆಟವೆಂದು ನಗುತ್ತಿದ್ದಳು. ಕಣ್ಣಿನ ಡಾಕ್ಟರು ಮೂವರನ್ನೂ ಕೂರಿಸಿ ನೋಡಿದರು. ಆರು ಕಣ್ಣುಗಳಲ್ಲಿ ಒಂದಕ್ಕೂ ದೋಷವಿರಲಿಲ್ಲ.

ಮೂರನೆಯ ವಾರ ರಾಜಿಯ ಬಲಗೆನ್ನೆ ಬಿಳಿಚಿತು. ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಐದನೆಯ ವಾರದ ಹೊತ್ತಿಗೆ ಅವಳ ಬಲಗೈ ಲೋಟ ಎತ್ತಲಾರದಾಯಿತು. ಬಲಗಡೆಯ ಹುಬ್ಬು, ತುಟಿ, ಕಿವಿ ಎಲ್ಲವೂ ಒಗೆದು ಒಗೆದು ಸವೆದ ಬಟ್ಟೆಯಂತಾದವು. ದನಿ ಎಷ್ಟು ತೆಳುವಾಯಿತೆಂದರೆ ಫ್ಯಾನ್ ನಿಲ್ಲಿಸಿ ಅವಳ ಮಾತು ಕೇಳಬೇಕಿತ್ತು.

ನಲವತ್ತನೆಯ ದಿನ ಏಪ್ರಿಲ್ ಮುಗಿಯುತ್ತಿತ್ತು. ಮಧ್ಯಾಹ್ನ ಎರಡರ ಬಿಸಿಲು. ಬೇರೇನೂ ತೋಚದೆ, ಹಾಕಿಕೊಂಡ ಕೆಲಸವನ್ನಾದರೂ ಮುಗಿಸಲೆಂದು ಸಿದ್ದರಾಮ ಗೋಡೆಯ ಮುಂದೆ ನಿಂತ. ಕಾವಿಯ ಮೇಲಿನ ಟೇಪು ಕಿತ್ತ.

ಎಡಗಣ್ಣು ತೆರೆದುಕೊಂಡಿತು.

ಅವನು ಅಲ್ಲಾಡಲಿಲ್ಲ. ಅಂಗೈಯಿಂದ ಕಾವಿಯ ಎಡ ಅರ್ಧವನ್ನು ಮುಚ್ಚಿದ. ಕತ್ತಲು. ಕೈ ತೆಗೆದ. ಬೆಳಕು. ಮೂರು ಸಲ ಮಾಡಿ ನೋಡಿದ. ಮೂರು ಸಲವೂ ಅದೇ. ಅವನು ಕಲಿತ ವಿದ್ಯೆಯಲ್ಲಿ ಮೂರು ಸಲ ಒಂದೇ ಉತ್ತರ ಬಂದರೆ ಅದನ್ನು ಒಪ್ಪಬೇಕು. 

ಕೆನೆ ಬಣ್ಣದ ಟೇಪು ಕಿತ್ತಾಗ ಒಳಗೆ ಶೈಲಾಳ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು. ಕೊನೆಗೆ ಗುಲಾಬಿ.

"ಅಪ್ಪಾ, ಎರಡೂ ಕಣ್ಣ ಕಾಣಾಕತ್ತಾವ," ಒಳಗಿನಿಂದ ಆ ತೆಳು ದನಿ.

ಕಾವಿ ಎಳ್ಳಷ್ಟೂ ಮಾಸಿರಲಿಲ್ಲ. ಕೆನೆ ಬಣ್ಣ ತುಸು ಸೊರಗಿತ್ತು. ಗುಲಾಬಿಯ ಎಡ ಅರ್ಧ ಈಗ ಅರಳಿದ ಹೂ. ಬಲ ಅರ್ಧ ಬೂದಿ ಮೆತ್ತಿದ ಚಿಂದಿ. ಕಣ್ಣು ಕುಕ್ಕುವ ಬಣ್ಣಗಳೇ ಬಿಸಿಲಿಗೆ ಬೇಗ ಸೋಲುತ್ತವೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಅದನ್ನು ಸಾಧಿಸಿ ತೋರಿಸಲೆಂದೇ ಪರೀಕ್ಷೆ ಇಟ್ಟಿದ್ದ.

ಈಗ ಬಿಸಿಲು ಎಡ ಅರ್ಧದ ಮೇಲೂ ಬಿದ್ದಿತ್ತು.

ಎರಡೂ ಅಂಗೈಗಳನ್ನು ಗುಲಾಬಿಯ ಮೇಲೆ ಒತ್ತಿದ. ಒಳಗೆ ರಾಜಿ ಚೀರಿದಳು. "ಅಪ್ಪಾ, ಕತ್ತಲಾತು. ಎಲ್ಲಾ ಕತ್ತಲಾತು." ಕೈ ತೆಗೆದ. ಚೀರು ನಿಂತಿತು. ಬಿಸಿಲು ಬಣ್ಣದ ಮೇಲೆ ಕೂತಿತು. ಮತ್ತೆ ಒತ್ತಿದ. ಮತ್ತೆ ಚೀರು. ಗೋಡೆ ಸುಡುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಅವನು ಕೈ ತೆಗೆಯಲಿಲ್ಲ.

ಶೈಲಾ ಓಡಿ ಬಂದಳು. ಅವನ ಕೈಯನ್ನೂ ಗೋಡೆಯ ಮೇಲಿನ ಹೆಸರನ್ನೂ ನೋಡಿದಳು.  ಒಳಗಿಂದ ಕಂಬಳಿ ತಂದು ಗುಲಾಬಿಗೆ ಅಡ್ಡ ಹಿಡಿದು ನಿಂತಳು. "ಚಾಚಾ ಹೇಳಿದ್ದ ಖರೇ ಆತು. ಹಿಂದಿನ ಮಾಲಕರ ಕಡೆ ಹೋಗ್ರಿ," ಎಂದಳು. "ನೀವು ಬರೂತನಾ ನಾನು ಇಲ್ಲಿಂದ ಕದಲೂದಿಲ್ಲ."

ಮನೆ ಮಾರಿದ ಬಸಗೊಂಡಪ್ಪ ಬಬಲೇಶ್ವರದಲ್ಲಿದ್ದ. ಸಿದ್ದರಾಮನ ಬೈಕು ನಿಂತಾಗ ಮುದುಕ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದ. ಬಂದವನ ಮುಖ ನೋಡಿ ಮೊರ ಕೆಳಗಿಟ್ಟ.

"ಹೆಸರ ಬರದ್ರೇನು?"

"ಮಗಳದು."

ಬಸಗೊಂಡಪ್ಪ ಕಟ್ಟೆಯ ಮೇಲೆ ಅವನಿಗೆ ಜಾಗ ಮಾಡಿಕೊಟ್ಟ. ಆಮೇಲೆ ಹೇಳಿದ. ಜಾಗದ ಜಗಳದಲ್ಲಿ ಸ್ವಂತ ತಮ್ಮನೇ ಮಂತ್ರವಾದಿಯ ಕೈ ಹಿಡಿದು, ಸುಡುಗಾಡಿನ ಬೂದಿಯನ್ನು ಗಿಲಾವಿನಲ್ಲಿ ಸೇರಿಸಿದ್ದ. ಆ ಗೋಡೆಯ ಮೇಲೆ ಯಾರ ಹೆಸರು ಬಿದ್ದರೂ ಅವರ ಜೀವ ಆ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಕಸ್ತೂರಿಯ ಹೆಸರನ್ನು ಎರಡು ಮಳೆಗಾಲ ತೊಳೆದವು.

"ಮ್ಯಾಲ ಹೊಸಾ ಬಣ್ಣ ಹಚ್ಚಿದ್ರ, ಇಲ್ಲಾ ವಾರ್ನಿಸ್?"

"ಹಚ್ಚಿದ್ನೆಪ್ಪಾ. ಉಸರ ಕಟ್ಟಿ ನೆಲಕ್ಕ ಬಿದ್ಲು. ಗಾಬರಿಯಾಗಿ ನೀರಾಗ ಅದ್ದಿದ ಅರಿವಿಲೆ ಆ ಬಣ್ಣಾ ಒರಸಿದೆ. ಒರಸೂವಾಗ ಮದಲನೇ ಅಕ್ಷರ ಅಳಿಸಿ ಹೋತು." ಮುದುಕ ತನ್ನ ಬೆರಳುಗಳನ್ನು ನೋಡಿಕೊಂಡ. "ಆಮ್ಯಾಲ ಆಕಿ ಮಾತಾಡಲೇ ಇಲ್ಲ. ಉಳದ ಅಕ್ಷರ ಹೋಗಾಕ ಹನ್ನೊಂದ ತಿಂಗಳ ಹಿಡೀತು. ಕಡೀ ಅಕ್ಷರದ ಕೂಡ ಆಕಿನೂ ಹೋದ್ಲು."

"ಮಾಟ ಮಾಡಿದ ಮಂತ್ರವಾದಿ?"

"ಸತ್ತ. ಸಾಯೂಕಿಂತ ಮದಲ ಕಾಲ ಹಿಡದು ಕೇಳೇನಿ. ಕಟ್ಟೂದು ಗೊತ್ತು, ಬಿಚ್ಚೂದು ಗೊತ್ತಿಲ್ಲ ಅಂದ."

"ಗೋಡಿ ಒಡದ್ರ?"

"ಒಂದ ಪೆಟ್ಟ ಹಾಕಿದ್ದೆ ತಮ್ಮಾ. ಬಿರಕ ಆಕಿ ಹಣಿಮ್ಯಾಲ ಬಂತು."

ಸಿದ್ದರಾಮ ಎದ್ದ. ಬಿಚ್ಚಲಾಗದು, ಅಳಿಸಲಾಗದು, ಮೇಲೆ ಬಳಿಯಲೂ ಆಗದು. ಉಳಿದದ್ದು ಕಾಯುವುದೊಂದೇ. ಬಿಸಿಲಿನಿಂದ, ಜೂನಿನ ಗಾಳಿ-ಮಳೆಯಿಂದ, ಕಂಬಳಿಗಿಂತ ಗಟ್ಟಿಯಾದ ಒಂದು ಮರೆ. ಬೈಕನ್ನು ಮನೆಯ ಕಡೆ ತಿರುಗಿಸದೆ ಸೀದಾ ತಿಕೋಟಾಕ್ಕೆ ಹೊಡೆದ.

ದಾರಿಯ ಎರಡೂ ಬದಿ ಒಣದ್ರಾಕ್ಷಿಯ ಶೆಡ್ಡುಗಳಿಂದ ಗಂಧಕದ ಹೊಗೆ ಬಂದು ಗಂಟಲು ಕೆರೆಯಿತು. ಬಡಗಿ ಮುತ್ತು ಅವನ ಕದಗಳಿಗೆ ಅಗಸೆ ಎಣ್ಣೆ ಕುಡಿಸುತ್ತಿದ್ದ. ಗಾಳಿಯಾಡಲೆಂದು ಅಡ್ಡಪಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟಿದ್ದ.

"ಒಂದ ಜೋಡಿಗೆ ಸಂದಿ ಮುಚ್ಚಬೇಕು. ಈಗಿಂದೀಗ. ಸೂಜಿಯಷ್ಟೂ ಬೆಳಕ ಹೋಗಬಾರದು."

"ಗಾಳಿ ಬ್ಯಾಡೇನ್ರಿ? ಕಿಡಕಿಗೆ ಮಾಡಸಾಕತ್ತೀರೋ, ಗೋರಿಗೋ?" ಮುತ್ತು ನಗಲು ಹೋದವನು ಎದುರಿಗಿದ್ದವನ ಅಂಗೈ ಬೊಬ್ಬೆ ನೋಡಿ ನಿಲ್ಲಿಸಿದ. "ಎಷ್ಟ ವರ್ಷ ತಾಳಬೇಕ್ರಿ?"

"ನನ್ನ ಹಿಂದೂ ತಾಳಬೇಕು."

ಮುತ್ತು ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಹಿತ್ತಾಳೆಯ ಕೀಲುಗಳನ್ನು ಹುಡುಕಿ ತೆಗೆದ. ಸಂದಿಗಳಿಗೆ ಸಾಗವಾನಿಯದೇ ಪಟ್ಟಿ ಬಡಿದ.

ಟಂಟಂ ಗಾಡಿಯಲ್ಲಿ ಕದ ಹೇರಿಕೊಂಡು ಇಬ್ಬರೂ ಬಂದಾಗ ಇಳಿಬಿಸಿಲು ಕೆಂಪಗೆ ಗೋಡೆಗೆ ನೇರ ಬಿದ್ದಿತ್ತು. ಶೈಲಾ ನಿಂತಲ್ಲೇ ನಿಂತಿದ್ದಳು. ತೋಳು ಕಂಪಿಸುತ್ತಿದ್ದವು, ಕಂಬಳಿ ಕದಲಿರಲಿಲ್ಲ. ಮುತ್ತು ಗೋಡೆಯನ್ನು ನೋಡಿದ. ಅಲ್ಲಿ ಕಿಟಕಿ ಇರಲಿಲ್ಲ. ಆದರೂ ಚೌಕಟ್ಟನ್ನು ಎತ್ತಿ ಹಿಡಿದ. ಬಣ್ಣದಿಂದ ಮೊಳ ದೂರದಲ್ಲಿ ಮೊದಲ ತೂತು ಕೊರೆದಾಗ ರಾಜಿ ತಲೆ ಹಿಡಿದುಕೊಂಡು ಕೂಗಿದಳು. ಎರಡನೆಯದು. ಮೂರನೆಯದು. ಗೋಡೆಯಿಂದ ಉದುರಿದ ಪುಡಿ ಬೂದಿಯಂತೆ ನಾರಿತು. ನಾಲ್ಕನೆಯದು. ಕೂಗು ನಿಂತಿತು. ಶೈಲಾ ಒಳಗೆ ಓಡಿದಳು. "ಉಸರಾಡಾಕತ್ಯಾಳ. ಮುಗಸ್ರಿ."

ಸಿದ್ದರಾಮ ಕದ ಮುಚ್ಚಿದ. ಕೀಲಿ ತಿರುಗಿಸಿದ.

ಹೊರಗಿನ್ನೂ ಬೆಳಕಿತ್ತು. ಒಳಗೆ ರಾಜಿ ಎರಡೂ ಕೈ ಮುಂದೆ ಚಾಚಿ, ಅವ್ವನ ಮುಖ ತಡವಿ, "ಕದಾ ಯಾರ ಹಾಕಿದ್ರು?" ಎಂದು ಕೇಳಿದಳು.

"ನಾನ," ಎಂದ ಸಿದ್ದರಾಮ.

ಮಾಸುವುದು ನಿಂತಿತು. ಹೋದ ಬಣ್ಣ ಮರಳಲಿಲ್ಲ. ಬಲಗೈ ಹಾಗೆಯೇ ಉಳಿಯಿತು. ತಮ್ಮಿಬ್ಬರ ಬಣ್ಣಗಳನ್ನು ಅವರು ತೆರೆದೇ ಬಿಟ್ಟರು; ಮಗಳನ್ನು ನೋಡಿಕೊಳ್ಳಲು ಕಣ್ಣು ಬೇಕಿತ್ತು. ಉಳಿದ ಕಿಟಕಿಗಳ ಕದಗಳೂ ಬಂದವು. ಓಣಿಯವರು ಮನೆಯ ಮುಖ ಲಕ್ಷಣವಾಯಿತೆಂದು ಹೊಗಳಿದರು. ಒಂದು ಕಿಟಕಿಗೆ ಮಾತ್ರ ಹೊರಗಿನಿಂದ ಕೀಲಿ ಯಾಕೆ ಎಂದು ಕೇಳಿದವರಿಗೆ ಶೈಲಾ ಚಹಾ ಕೊಟ್ಟು ಕಳಿಸಿದಳು.

ಆದರೆ ಮಗುವನ್ನು ಇಡೀ ದಿನ ಕತ್ತಲಲ್ಲಿಡುವುದು ಹೇಗೆ? ಸಿದ್ದರಾಮ ಮತ್ತೆ ಪರೀಕ್ಷೆಗೆ ಕೂತ. ಅದೇ ಗುಲಾಬಿಯನ್ನು ಹೆಸರಿಲ್ಲದೆ ಸಿಮೆಂಟ್ ಹಾಳೆಗಳಿಗೆ ಬಳಿದು ಬಿಸಿಲು, ನೆರಳು, ಮುಸ್ಸಂಜೆಗಳಲ್ಲಿ ಇಟ್ಟ. ಅಳೆದ. ಗುಣಿಸಿದ. ಹೊತ್ತು ಮುಳುಗಿದ ಮೇಲಿನ ಬೆಳಕಿನಲ್ಲಿ ದಿನಕ್ಕೆ ಹತ್ತು ನಿಮಿಷ ತೆರೆದರೆ ಬಣ್ಣ ಇಪ್ಪತ್ತೆಂಟು ವರ್ಷ ಬಾಳುತ್ತದೆ.

"ಅಂದ್ರ ಮೂವತ್ತೇಳನೇ ವಯಸ್ಸಿಗೆ ಮುಗೀತೈತೇನ್ರಿ ಆಕಿದು?" ಶೈಲಾ ಕೇಳಿದಳು. "ಐದ ನಿಮಿಷ ಮಾಡ್ರಿ."

"ಐದರಾಗ ಏನ ನೋಡ್ತಾಳ?"

"ಬದುಕಿರ್ತಾಳ."

ಅವನು ಹತ್ತೆಂದು ನಿಲ್ಲಿಸಿದ. ದಿನವೂ ಸೂರ್ಯ ಮುಳುಗಿದೊಡನೆ ಕೀಲಿ ತೆಗೆಯುತ್ತಾನೆ. ಅಂಗಳದಲ್ಲಿ ಕೂತ ರಾಜಿ ಮೊದಲು ಅವ್ವನನ್ನು ನೋಡುತ್ತಾಳೆ, ಆಮೇಲೆ ತನ್ನ ಕೈಗಳನ್ನು, ಆಮೇಲೆ ಆಕಾಶವನ್ನು. ಸಿದ್ದರಾಮ ಗಡಿಯಾರವನ್ನು ಬಿಟ್ಟು ಬೇರೇನೂ ನೋಡುವುದಿಲ್ಲ.

ಒಂದು ಸಂಜೆ ಏಳನೆಯ ನಿಮಿಷಕ್ಕೆ ಅವಳು ಕೇಳಿದಳು, "ಅಪ್ಪಾ, ಗೋಳಗುಮ್ಮಟದ ಕಡಿಂದ ಗಿಳಿ ಬರ್ತಾವಲ್ಲ, ಇನ್ನೂ ಯಾಕ ಬಂದಿಲ್ಲ?"

"ಬರ್ತಾವ."

"ದಿನಾ ಸಪ್ಪಳ ಕೇಳ್ತೈತಿ. ಕಣ್ಣಿಗಿ ಸಿಗವಲ್ವು. ನೀ ಕದಾ ಹಾಕಿದ ಮ್ಯಾಲ ಬರ್ತಾವ ಅವು."

ಗಡಿಯಾರದ ಮುಳ್ಳು ಸರಿಯಿತು. ಎಂಟು. ಒಂಬತ್ತು.

"ಹದಿನೈದ ಮಾಡಪ್ಪಾ."

"ಹದಿನೈದಾದ್ರ ಎಷ್ಟ ವರ್ಷ ಕಡಿಮಿ ಆಗ್ತಾವ ಗೊತ್ತೈತೇನು?"

"ಗೊತ್ತೈತಿ. ನೀವು ಜಗಳಾಡೂದು ಕೇಳ್ತೇನಲ್ಲ." ಅವಳ ಬಿಳಿಚಿದ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. "ಕತ್ತಲಾಗಿನ ವರ್ಷ ಇಟಗೊಂಡು ನಾ ಏನ ಮಾಡ್ಲಿ?"

ಶೈಲಾ ಅವನ ತೋಳು ಹಿಡಿದಳು. "ಹಾಕ್ರಿ. ಹತ್ತಾತು. ಹಾಕ್ರಿ."

ಕದದ ಮೇಲೆ ಅವನ ಕೈ ಇತ್ತು. ಸಾಗವಾನಿ ಇನ್ನೂ ಬೆಚ್ಚಗಿತ್ತು. ಮುಸ್ಸಂಜೆಯ ಕಂದು ಬೆಳಕು ಗುಲಾಬಿಯ ಮೇಲೆ ನಿಂತಿತ್ತು. ಗೋಡೆ ನುಂಗುವ ಸದ್ದು. ಸಣ್ಣ ಸದ್ದು. ರಾಜಿ ಕತ್ತೆತ್ತಿ ಆಕಾಶ ನೋಡುತ್ತಿದ್ದಳು. ಗಿಳಿಗಳಿಲ್ಲ. ಶೈಲಾಳ ಉಗುರು ಅವನ ತೋಳಿಗೆ ಇಳಿಯುತ್ತಿತ್ತು.

ಅವನು ಕದ ಎಳೆಯಲಿಲ್ಲ.

ಹನ್ನೊಂದನೆಯ ನಿಮಿಷ ಶುರುವಾಯಿತು.