ಒಲೆ ಮುಂದೆ ನಿಂತ ಅಮ್ಮ

"ಈ ಚಿತ್ರ ಬರೆದ ಪುಣ್ಯಾತ್ಮನ ಮನೇಲಿ ಹೆಂಗಸರು ಕೂರೋದೇ ಇಲ್ವಾ?"

ಪಠ್ಯಪುಸ್ತಕ ಸಮಿತಿಯ ಮೊದಲ ಸಭೆಯಲ್ಲೇ ನಮ್ಮ ಟೀಚರಮ್ಮ ಸಿಡಿದಿದ್ದಳು. ಎದುರಿಗಿದ್ದದ್ದು ಒಂದನೇ ತರಗತಿಯ ಹಳೆಯ ಪುಸ್ತಕ, 'ನಮ್ಮ ಮನೆ' ಪಾಠ. ಅಮ್ಮ ಒಲೆಯ ಮುಂದೆ, ಅಪ್ಪ ಪೇಪರ್ ಹಿಡಿದು ಕುರ್ಚಿಯಲ್ಲಿ, ಮಗನ ಕೈಯಲ್ಲಿ ಚೆಂಡು, ಮಗಳ ಕೈಯಲ್ಲಿ ಪೊರಕೆ.

ಮೇಜಿನ ತುದಿಯಲ್ಲಿ ಕೂತಿದ್ದವನು ಪೆನ್ಸಿಲ್ ಕೆಳಗಿಟ್ಟ.

"ಆ ಪುಣ್ಯಾತ್ಮ ನಾನೇ. ಇಲ್ಲ ಮೇಡಂ, ಕೂರ್ತಿರಲಿಲ್ಲ. ಅದು ನನ್ನಮ್ಮ. ಕಂಡಿದ್ದನ್ನ ಬರೆದೆ. ಈಗ ಅವರೇ ಇಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ! ಆದರೂ ಹಟ ಬಿಡಲಿಲ್ಲ.

"ದೊಡ್ಡವಳಾದ್ಮೇಲೆ ಏನಾಗ್ತೀಯ ಅಂತ ಕೇಳಿದ್ರೆ ನನ್ನ ತರಗತಿಯ ಮಗು ಈ ಪೊರಕೆ ಮೇಲೆ ಬೆರಳಿಟ್ಟಿತು ಸರ್. ಅದನ್ನ ಹೇಗೆ ಮರೀಲಿ?"

ಚಿತ್ರಕಾರ ಹಳೆಯ ಪುಸ್ತಕವನ್ನು ಹತ್ತಿರ ಎಳೆದುಕೊಂಡ. "ಮತ್ತೆ ಬರೀತೀನಿ," ಅಂದ.

ಬರೆದ, ಅಳಿಸಿದ, ಮತ್ತೆ ಬರೆದ. ಪ್ರತಿ ಕರಡನ್ನೂ ಇಬ್ಬರೂ ಕೂತು ನೋಡಿದರು. ಹೊಸ ಚಿತ್ರದಲ್ಲಿ ಸೌಟು ಅಪ್ಪನ ಕೈಗೆ ಬಂತು, ಚೆಂಡು ಮಗಳಿಗೆ ಸಿಕ್ಕಿತು. ಅಮ್ಮ ಕಾಲು ಚಾಚಿ ಪುಸ್ತಕ ಓದುತ್ತಿದ್ದಳು. ಆ ಮುಖ ತಿದ್ದುವಾಗ ಅವನ ಪೆನ್ಸಿಲ್ ನಿಂತುಬಿಟ್ಟಿತು. ಅವಳ ಕೈ ತಾನಾಗಿಯೇ ಅವನ ಕೈಯ ಮೇಲೆ ಹೋಯಿತು.

'ಇವನಿಲ್ಲದ ದಿನ ಯಾಕೆ ಇಷ್ಟು ಖಾಲಿ?' ಅವಳು ತನ್ನನ್ನೇ ಕೇಳಿಕೊಳ್ಳತೊಡಗಿದಳು.

ಪುಸ್ತಕ ಅಚ್ಚಾಗಿ ಬಂತು. ತೆರೆದರೆ ಅದೇ ಒಲೆ, ಅದೇ ಪೊರಕೆ! ಕೆಳಗೆ ಅವನದೇ ಸಹಿ.

ಕಚೇರಿಯ ಮೆಟ್ಟಿಲಲ್ಲೇ ಅವನನ್ನು ತಡೆದಳು.

"ಹೇಡಿ! ಕೆಲಸ ಉಳಿಸ್ಕೊಳ್ಳೋಕೆ ಅಮ್ಮನ್ನ ಮತ್ತೆ ಒಲೆ ಮುಂದೆ ನಿಲ್ಲಿಸಿದ್ರಾ?"

ಅವನು ಅವಳನ್ನೊಮ್ಮೆ ನೋಡಿ, ಮೆಟ್ಟಿಲಿಳಿದು ಹೋದ.

ನಿಜ ತಿಳಿದದ್ದು ಸಮಿತಿಯ ಅಧ್ಯಕ್ಷರ ಬಾಯಿಂದ. "ಅಪ್ಪ ಸೌಟು ಹಿಡಿದ್ರೆ ಜನ ನಗ್ತಾರಮ್ಮ. ಬದಲಾಯಿಸು ಅಂದ್ರೆ ನಿಮ್ಮ ಚಿತ್ರಕಾರ ಸುತರಾಂ ಒಪ್ಪಲಿಲ್ಲ. ಅವನನ್ನ ಕೈಬಿಟ್ಟು ಹಳೇದನ್ನೇ ಹಾಕಿಸಿದ್ವಿ."

ಅವಳು ಅವನಲ್ಲಿಗೆ ಓಡಿದಳು.

ಅವನ ಬಾಡಿಗೆ ಕೋಣೆಯಲ್ಲಿ ಕುಂಚಗಳನ್ನೆಲ್ಲ ಕಟ್ಟಿಟ್ಟಾಗಿತ್ತು. ತೊಳೆಯದ ಪಾತ್ರೆಗಳು ಮೂಲೆಯಲ್ಲಿ ಬಿದ್ದಿದ್ದವು.

"ಯಾಕೆ ಹೇಳ್ಲಿಲ್ಲ? ನಾನು ಅಷ್ಟೆಲ್ಲ ಅಂದ್ರೂ..."

"ಹೇಡಿ ಅಂದಿದ್ದು ಸುಳ್ಳಲ್ಲವಲ್ಲ." ಅವನು ಕುಂಚಗಳ ಕಟ್ಟನ್ನು ದೂರ ಸರಿಸಿದ. "ಆ ಹಳೇ ಚಿತ್ರ ಬರೆಯೋವಾಗ ಅಮ್ಮಂಗೆ ಮೈ ಸುಡೋ ಜ್ವರ. ಒಲೆ ಮುಂದೆ ನಿಂತಿದ್ರು. ನಾನು ಪಕ್ಕದಲ್ಲೇ ಕೂತು ಬರೀತಿದ್ದೆ... ಎದ್ದು ಸೌಟು ಇಸ್ಕೊಳ್ಳಲಿಲ್ಲ."

ಸಮಾಧಾನ ಹೇಳಿದರೆ ಸುಳ್ಳಾಗುತ್ತಿತ್ತು. ಹೊರಗೆ ಎಲ್ಲ ಶಾಲೆಗಳಿಗೂ ಪುಸ್ತಕ ತಲುಪಿಯಾಗಿತ್ತು.

"ನಾಳೆ ಆ ಪುಟ ನಾನೇ ಪಾಠ ಮಾಡ್ಬೇಕು," ಅಂದಳು ಕಣ್ಣೊರೆಸಿಕೊಳ್ಳುತ್ತ. "ಆ ಮಕ್ಕಳ ಮುಂದೆ ನಿಂತು ಇದು ತಪ್ಪು ಅನ್ನೋಕೆ ಒಬ್ಳಿಂದ ಆಗಲ್ಲ. ನೀವು ಬೇಕು ನಂಗೆ. ನಾಳೆಗಷ್ಟೇ ಅಲ್ಲ... ಜೀವನ ಪೂರ್ತಿ."

"ನನ್ನಂಥವನಾ? ಒಲೆ ಹಚ್ಚೋಕೂ ಬರಲ್ಲ. ಕಲಿಸ್ತೀರಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಇಲ್ಲ. ನೀವೇ ಕಲೀರಿ... ಕಾಯ್ತೀನಿ."