ಗ್ಲೌಸ್ ಕಳಚಿದ ಕೈ

"ಆ ಬೋರ್ಡು ನೀವು ಇಳಿಸ್ತೀರೋ, ನಾನೇ ಇಳಿಸ್ಲೋ?"

ಕನ್ನಡಕದಂಗಡಿಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಡಾಕ್ಟರಮ್ಮನ ದನಿಗೆ ಗಾಜಿನ ಕಪಾಟಿನೊಳಗಿನ ಫ್ರೇಮುಗಳೂ ಬೆಚ್ಚಿಬಿದ್ದಿರಬೇಕು. ಅಂಗಡಿಯವನು ಮಾತ್ರ ತಲೆ ಎತ್ತಲಿಲ್ಲ. ಚಿಮಟದ ತುದಿಯಲ್ಲಿ ಸಾಸಿವೆಯಷ್ಟು ಚಿಕ್ಕ ಸ್ಕ್ರೂ ಹಿಡಿದು ಅದನ್ನೇ ದಿಟ್ಟಿಸುತ್ತಿದ್ದ.

"ಸ್ಟೂಲು ಅಲ್ಲಿದೆ" ಎಂದ. "ಹುಷಾರು, ಬೀಳ್ಬೇಡಿ. ಬಿದ್ರೆ ಡಾಕ್ಟ್ರ ಹತ್ರ ಹೋಗ್ಬೇಕಾಗುತ್ತೆ. ಇಲ್ಲಿ ಒಳ್ಳೆ ಡಾಕ್ಟ್ರು ಯಾರೂ ಇಲ್ಲ."

ಅಬ್ಬಾ... ಎಂಥಾ ಕೊಬ್ಬು!

ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಕುದುರೆ ಏರಿ ಬರುತ್ತಿದ್ದ, ರಾಜಕುಮಾರಿ ನಾಚಿ ಕಾಲ್ಬೆರಳಲ್ಲಿ ನೆಲ ಗೀರುತ್ತಿದ್ದಳು. ಇಲ್ಲಿ ರಾಜಕುಮಾರಿಯೇ ಸ್ಟೂಲು ಏರಿದಳು. ರಾಜಕುಮಾರ ಕೂತಲ್ಲಿಂದ ಏಳಲೂ ಇಲ್ಲ. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಮೈಯೆಲ್ಲ ಉರಿ. ಇಂಥ ಜೋಡಿಯ ಕಥೆ ಹೇಳ್ತೀನಿ ಅಂದರೆ ಅಜ್ಜಿ ಅರ್ಧಕ್ಕೇ ಹೊದ್ದು ಮಲಗಿಬಿಡುತ್ತಿದ್ದರು.

ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: 'ನೋಡಿದರೆ ಅಂಟುವ ಕಣ್ಣುಬೇನೆಗೆ ನಮ್ಮಲ್ಲಿ ಕಪ್ಪು ಕನ್ನಡಕ ಸಿಗುತ್ತದೆ.'

"ನೋಡಿದ್ರೆ ಅಂಟುತ್ತಾ? ಯಾವ ಕಾಲೇಜಲ್ಲಿ ಕಲಿತ್ರಿ ಸ್ವಾಮಿ? ಇದು ವೈರಸ್ಸು! ಕೆಂಪಾದ ಕಣ್ಣು ಉಜ್ಜಿದ ಕೈ ಇನ್ನೊಂದು ಕೈಗೆ ತಾಗ್ಬೇಕು, ಆ ಕೈ ಕಣ್ಣಿಗೆ ಹೋಗ್ಬೇಕು, ಆಗ ಬರುತ್ತೆ. ನೋಟಕ್ಕೆಲ್ಲ ಅಂಟಲ್ಲ!"

"ಮತ್ತೆ ಧೈರ್ಯವಾಗಿ ನನ್ನ ಮುಖ ನೋಡ್ಕೊಂಡೇ ಬೈಬಹುದಲ್ಲ. ಬೋರ್ಡಿಗ್ಯಾಕೆ ಬೈತಿದ್ದೀರ?"

ಸರಕ್ಕನೆ ತಿರುಗಿದಳು. ತಿರುಗಿದ ರಭಸಕ್ಕೆ ಕನ್ನಡಕ ಮೂಗಿನಿಂದ ಜಾರಿ ನೆಲಕ್ಕೆ ಬಿತ್ತು. ಅದರ ಒಂದು ಕಡ್ಡಿ ಕಳಚಿಕೊಂಡು ಮೇಜಿನಡಿ ಹೋಯಿತು. ಛೇ! ಇವನ ಮುಂದೆಯೇ ಆಗಬೇಕಿತ್ತೇ?

ಅವನು ಎದ್ದ. ಕಡ್ಡಿ ಹುಡುಕಿ, ಕೈಲಿದ್ದ ಸ್ಕ್ರೂವನ್ನೇ ತಿರುಗಿಸಿ, ಗಾಜು ಒರೆಸಿ, ಮೂಗಿನ ಹಿಡಿಯನ್ನು ಹೆಬ್ಬೆರಳಲ್ಲಿ ಚೂರು ಒತ್ತಿ ಕೊಟ್ಟ.

"ಎಡಕ್ಕೆ ವಾಲಿತ್ತು. ಇಷ್ಟು ದಿನ ಲೋಕಾನ ವಾರೆಯಾಗಿ ನೋಡ್ಕೊಂಡೇ ಕಾಯಿಲೆ ಓಡಿಸ್ತಿದ್ರಾ? ಈಗ ಹಾಕ್ಕೊಳ್ಳಿ. ಹಾಕ್ಕೊಂಡು ಬೈರಿ."

ಸ್ಟೂಲಿನಿಂದ ಇಳಿದು ಹಾಕಿಕೊಂಡಳು. ಲೋಕ ನಿಜಕ್ಕೂ ನೆಟ್ಟಗಾಗಿತ್ತು. ಎದುರಿಗಿದ್ದ ಅವನ ಕಣ್ಣು ಜೇನಿನ ಬಣ್ಣದ್ದು ಎಂಬುದೂ ಕಂಡಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು!

"ಈ ಫ್ರೇಮುಗಳನ್ನ ಬಂದವರೆಲ್ಲ ಹಾಕಿ ನೋಡ್ತಾರಲ್ಲ, ತೊಳೀತೀರಾ?"

"ಮನಸ್ಸು ಬಂದ್ರೆ."

ಆ ಒಂದು ಮಾತು ಸಾಕಾಯಿತು. ಸಂಜೆಯೊಳಗೆ ಅಂಗಡಿಗೆ ಬೀಗ ಬಿತ್ತು. ಬೀಗದ ಮೇಲೆ ಆರೋಗ್ಯ ಇಲಾಖೆಯ ಅರಗಿನ ಮುದ್ರೆ.

*

ಕಣ್ಣುಬೇನೆ ಶುರುವಾಗಿದ್ದು ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ. ಹೊಲಿಗೆ ಯಂತ್ರದ ಸಾಲಿನಲ್ಲಿ ಒಬ್ಬಳ ಕಣ್ಣು ಕೆಂಪಾಯಿತು, ಮರುದಿನ ಪಕ್ಕದವಳದು. ತಡೆಯುವ ಹೊಣೆ ಹೊಸ ಡಾಕ್ಟರಮ್ಮನ ಹೆಗಲಿಗೆ ಬಂತು. ಆರೋಗ್ಯ ಇಲಾಖೆಯಲ್ಲಿ ಅವಳ ಮೇಲಿದ್ದವರು ದೊಡ್ಡ ಸಾಹೇಬರು. ರೋಗಕ್ಕಿಂತ ಪೇಪರಿನವರಿಗೆ ಹೆಚ್ಚು ಹೆದರುವ ಮಹಾನುಭಾವರು.

"ಎಲ್ಲರಿಗೂ ಕಣ್ಣಿಗೆ ಡ್ರಾಪ್ಸ್ ಹಾಕ್ಸಿ" ಅಂದಿದ್ದರು.

"ಸರ್, ಈ ವೈರಸ್‌ಗೆ ಆ ಡ್ರಾಪ್ಸ್ ಕೆಲಸ ಮಾಡಲ್ಲ. ಕಣ್ಣು ಕೆಂಪಾದವರನ್ನ ಮನೆಗೆ ಕಳಿಸಿ, ಕೈ ತೊಳೆಸಿದ್ರೆ..."

"ಗೊತ್ತಮ್ಮ, ಗೊತ್ತು. ಸೋಪು ಕೊಟ್ರೆ ಫೋಟೋ ಚೆನ್ನಾಗಿ ಬರಲ್ಲ. ನಾವೇನೋ ಮಾಡ್ತಿದ್ದೀವಿ ಅಂತ ಜನಕ್ಕೆ ಕಾಣ್ಬೇಕು."

ಅವಳು ಒಪ್ಪಿದಳು. ಒಪ್ಪಿದ್ದಕ್ಕೆ ತನ್ನದೊಂದು ಶಿಸ್ತು ಸೇರಿಸಿದಳು: ಗ್ಲೌಸ್! ಗ್ಲೌಸ್ ಇಲ್ಲದ ಕೈ ಯಾರ ರೆಪ್ಪೆಯನ್ನೂ ಮುಟ್ಟಕೂಡದು. ಕಾರ್ಖಾನೆಯ ಅಂಗಳದಲ್ಲಿ ಎರಡು ಸಾಲು, ಎರಡಕ್ಕೂ ಒಬ್ಬೊಬ್ಬ ನರ್ಸ್. ಬಲಗಡೆಯ ಚುರುಕು ನರ್ಸ್ ನೀಲಿ ಗ್ಲೌಸ್ ತೊಟ್ಟು ಪಟಪಟನೆ ರೆಪ್ಪೆ ಎಳೆದು ಹನಿ ಬಿಡುತ್ತಿದ್ದರೆ ಡಾಕ್ಟರಮ್ಮನಿಗೆ ನೋಡಿದಷ್ಟೂ ಹೆಮ್ಮೆ. ಎಡಗಡೆಯ ದೊಡ್ಡ ನರ್ಸಮ್ಮನದೇ ತಲೆನೋವು.

"ನಂಗೆ ಆ ಗ್ಲೌಸ್ ಹಾಕಿದ್ರೆ ಕೈಯೆಲ್ಲ ತುರಿಕೆ ಕಣಮ್ಮ. ಒಬ್ಬೊಬ್ಬರಿಗೂ ಹಾಕಿದ್ಮೇಲೆ ಸೋಪಲ್ಲಿ ತೊಳ್ಕೊಂಡ್ಬಿಡ್ತೀನಿ, ಬಿಡು."

"ತುರಿಕೆ ಅಂತ ನಿಯಮ ಬಿಡೋಕಾಗುತ್ತಾ? ನಿಮ್ಮಂಥವರಿಂದಲೇ ಕಾಯಿಲೆ ಹರಡೋದು!"

ಎಲ್ಲರೆದುರು ಹಾಗಂದಳು. ನರ್ಸಮ್ಮ ಬಕೆಟ್ಟಿನ ನೀರು ಬದಲಿಸಲು ಹೋದರು. ಬಲಗಡೆಯ ಸಾಲಿನಲ್ಲಿ ಹುಡುಗಿಯೊಬ್ಬಳು ಹೆದರಿ ಹಿಂಜರಿದಾಗ ಡಾಕ್ಟರಮ್ಮ ತಾನೇ ಅವಳ ಮುಂದೆ ನಿಂತು, ಮುಖ ಎತ್ತಿ, "ನೋಡು, ಇಷ್ಟೇ!" ಎಂದು ನೀಲಿ ಬೆರಳಿಗೆ ಕಣ್ಣೊಡ್ಡಿ ತೋರಿಸಿದಳು.

ಇಷ್ಟಾದರೂ ಬೇನೆ ಏರುತ್ತಲೇ ಹೋಯಿತು. ಯಾರೋ ಕನ್ನಡಕದಂಗಡಿಯ ಬೋರ್ಡಿನ ವಿಷಯ ಹೇಳಿದರು. ದೊಡ್ಡ ಸಾಹೇಬರಿಗೆ ತಪ್ಪು ಹೊರಿಸಲು ಒಂದು ತಲೆ ಸಿಕ್ಕಿತು. ಬೀಗ ಬಿದ್ದ ಮರುದಿನವೇ ಪೇಪರಿನಲ್ಲಿ ಬಂತು: ರೋಗದ ಮೂಲ ಪತ್ತೆ!

*

ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಬೀದಿಗೆಲ್ಲ ಅವನು 'ಗಂಟುಮೋರೆ.' ಬೀಗ ಬಿದ್ದರೂ ಗಂಟುಮೋರೆ ಮನೆಗೆ ಹೋಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೇ ಕೂತು, ತೊಡೆಯ ಮೇಲೆ ಬಟ್ಟೆ ಹಾಸಿ, ಜನರ ಮುರಿದ ಕನ್ನಡಕ ರಿಪೇರಿ ಮಾಡತೊಡಗಿದ. ಡಾಕ್ಟರಮ್ಮ ಆಫೀಸಿಗೆ ಹೋಗುವುದು ಅದೇ ದಾರಿ. ಬೇರೆ ದಾರಿ ಇತ್ತು... ಆದರೆ ಹೋಗಲಿಲ್ಲ. ಯಾಕೆ ಎಂದು ಮನಸ್ಸನ್ನು ಕೇಳಲೂ ಇಲ್ಲ.

"ಏನ್ ಡಾಕ್ಟ್ರೇ, ಅಂಗಡಿ ಮುಚ್ಚಿದ್ರಲ್ಲ, ಕಾಯಿಲೆ ಗಂಟುಮೂಟೆ ಕಟ್ತಾ?"

"ಕಟ್ಟುತ್ತೆ. ನೀವೂ ಕಟ್ಟೋದು ಒಳ್ಳೇದು."

"ಕನ್ನಡಕ ಮತ್ತೆ ವಾಲಿದೆ."

"ವಾಲಿರ್ಲಿ! ನಿಮ್ಮ ಕೈಗಂತೂ ಕೊಡಲ್ಲ!"

ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿಯುವ ಅವನ ಅಕ್ಕ, ಬುತ್ತಿ ಕೊಡಲು ಬಂದವಳು, ಇದನ್ನೆಲ್ಲ ಕೇಳಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಬೋರ್ಡು ಬರೆದ ಮಹಾತಾಯಿ ಅವಳೇ. "ಲೋ ತಮ್ಮಾ, ಬೀಗ ಹಾಕೋಕೆ ಬಂದೋರು ಬೀಗರಾಗೋ ಹಾಗೆ ಕಾಣುತ್ತೆ ಕಣೋ."

"ಥೂ! ಆ ಜಂಬದ ಕೋಳಿನಾ?"

ಆ ವಾರ ಕಳೆಯುವಷ್ಟರಲ್ಲಿ ಅಕ್ಕನ ನಗು ನಿಂತಿತು. ಅವಳ ಎರಡೂ ಕಣ್ಣು ಊದಿ ಮುಚ್ಚಿಕೊಂಡವು. ತೆರೆದಾಗ ಕರಿಗುಡ್ಡೆಯ ಮೇಲೆ ಮಂಜು ಕವಿದಂತೆ ಮಸುಕು. ಸೂಜಿಯ ಕಣ್ಣು ಹೋಗಲಿ, ಸೂಜಿಯೇ ಕಾಣುತ್ತಿರಲಿಲ್ಲ.

ಮೆಟ್ಟಿಲ ಬಳಿ ಸುದ್ದಿ ಕೇಳಿದ ಡಾಕ್ಟರಮ್ಮನ ನಾಲಿಗೆ ಅವಳಿಗಿಂತ ಮುಂದೆ ಓಡಿತು.

"ನೋಡಿದ್ರಾ? ಮನಸ್ಸು ಬಂದ್ರೆ ತೊಳೀತೀನಿ ಅಂದ್ರಲ್ಲ... ಕೊನೆಗೆ ಮನೆಯವರನ್ನೂ ಬಿಡಲಿಲ್ಲ ನಿಮ್ಮ ಫ್ರೇಮು!"

ಅವನು ತಿರುಗಿ ಬೈಯಲಿಲ್ಲ. ತೊಡೆಯ ಮೇಲಿನ ಬಟ್ಟೆ ಮಡಚಿದ.

"ಒಂದ್ ಗಳಿಗೆ ಬೀಗ ತೆಗೀತೀರಾ?" ದನಿ ಒಡೆದಿತ್ತು. "ವ್ಯಾಪಾರಕ್ಕಲ್ಲ. ಆ ಫ್ರೇಮೆಲ್ಲ ತಂದು ಬೀದೀಲಿ ಸುಟ್ಬಿಡ್ತೀನಿ. ಅವಳು ಸಂಜೆ ಅಂಗಡಿ ಗುಡಿಸೋಳು... ಎಲ್ಲಾನೂ ಕೈಯಲ್ಲಿ ಎತ್ತಿಡೋಳು..."

ಇವನು ಸೋಲಬೇಕೆಂದೇ ಅಲ್ಲವೇ ಅವಳು ಇಷ್ಟು ದಿನ ಈ ದಾರಿ ಹಿಡಿದದ್ದು? ಸೋತು ಮುಂದೆ ಕೂತಿದ್ದಾನೆ. ಖುಷಿಪಡು! ಎಂದಿತು ಮನಸ್ಸು. ಎದೆಯಲ್ಲಿ ಮಾತ್ರ ಯಾರೋ ಕೈಹಾಕಿ ಹಿಂಡಿದಂತಾಯಿತು.

"ನಿಯಮ ಇಲ್ಲ" ಎಂದಷ್ಟೇ ಹೇಳಿ ಓಡಿದಂತೆ ನಡೆದಳು.

*

ಅವನ ಮೇಲಿನ ಆರೋಪ ಗಟ್ಟಿ ಮಾಡಿಕೊಳ್ಳಲೆಂದೇ ಮರುದಿನ ಕಾರ್ಖಾನೆಗೆ ಹೋದಳು. ಊಟದ ಹೊತ್ತಲ್ಲಿ, ಕಣ್ಣು ವಾಸಿಯಾಗಿ ಕೆಲಸಕ್ಕೆ ಮರಳಿದವರನ್ನು ಸುತ್ತ ಕೂರಿಸಿಕೊಂಡು ಕೇಳಿದಳು, "ಯಾರ್ಯಾರು ಆ ಅಂಗಡಿಗೆ ಹೋಗಿ ಕನ್ನಡಕ ಹಾಕಿ ನೋಡಿದ್ರಿ?"

ಹೆಂಗಸರೆಲ್ಲ ಗೊಳ್ಳೆಂದರು.

"ಗಂಟುಮೋರೆ ಅಂಗಡಿಗಾ? ಯಾರ್ ಹೋಗ್ತಾರೆ ತಾಯಿ! ಈ ಮುಖಕ್ಕೆ ಆ ಫ್ರೇಮಾ ಅಂತ ನನ್ನ ನಾದಿನೀನ ಅಳಿಸಿ ಕಳ್ಸಿದ್ದ!"

"ನನ್ನ ಗಂಡನಿಗೆ, ಮೂಗು ಬದಲಾಯಿಸ್ಕೊಂಡು ಬನ್ನಿ ಅಂದಿದ್ನಂತೆ!"

"ಮತ್ತೆ... ಒಬ್ರೂ ಹೋಗಿಲ್ವಾ?"

ಒಬ್ಬಳೂ ಹೋಗಿರಲಿಲ್ಲ.

ಅಷ್ಟರಲ್ಲಿ ಕಾಜಾ ವಿಭಾಗದ ದಪ್ಪಗಿನ ಹೆಂಗಸು ಕೈ ಒರೆಸಿಕೊಳ್ಳುತ್ತಾ ಅಲ್ಲಿಗೆ ಬಂದು ಹೇಳಿದಳು, "ನಮ್ಮ ಪೈಕಿ ದೊಡ್ಡ ನರ್ಸಮ್ಮನ ಸಾಲಲ್ಲಿ ನಿಂತೋರಿಗೆ ಬರಲೇ ಇಲ್ಲ ನೋಡಿ. ಅವಳ ಕೈಗುಣ. ಗಂಟುಮೋರೆ ಅಕ್ಕಂಗೂ ಬಾ ಈಕಡೆ ಅಂದೆ, ಸಾಲು ಉದ್ದ ಇದೆ ಅಂತ ಆಕಡೆ ಹೋದ್ಲು ಪಾಪಿ."

ಡಾಕ್ಟರಮ್ಮನ ಕೈಲಿದ್ದ ನೀರಿನ ಲೋಟ ಅಲ್ಲೇ ನಿಂತಿತು.

ಕೈಗುಣ...

ಅಂಗಳದ ಬಲಸಾಲು ಕಣ್ಣ ಮುಂದೆ ಬಂತು. ನೀಲಿ ಗ್ಲೌಸಿನ ಬೆರಳು ಒಂದು ರೆಪ್ಪೆ ಎಳೆಯಿತು, ಹನಿ ಬಿಟ್ಟಿತು. ಅದೇ ಬೆರಳು ಮುಂದಿನ ರೆಪ್ಪೆಗೆ... ಅದೇ ಬೆರಳು ಅದರ ಮುಂದಿನದಕ್ಕೆ... ಒಂದೇ ಜೊತೆ ಗ್ಲೌಸು, ಬೆಳಗಿಂದ ಮಧ್ಯಾಹ್ನದವರೆಗೆ! ಬರಿಗೈಯಾಗಿದ್ದರೆ ಆ ನರ್ಸ್ ಒಮ್ಮೆಯಾದರೂ ತೊಳೆಯುತ್ತಿದ್ದಳು. ಗ್ಲೌಸ್ ಇದೆಯಲ್ಲ ಎಂಬ ಭರವಸೆಗೆ ಸೋಪು ಮುಟ್ಟಲೇ ಇಲ್ಲ. ಗ್ಲೌಸು ಕಾದದ್ದು ನರ್ಸಿನ ಕೈಯನ್ನು. ಸಾಲಿನಲ್ಲಿ ನಿಂತವರ ಕಣ್ಣನ್ನಲ್ಲ.

ಹಾಕಿಸಿದವಳು ಯಾರು? ಕೈ ತೊಳೆದವರನ್ನು ಎಲ್ಲರೆದುರು ಬೈದವಳು ಯಾರು?

'ನಿಮ್ಮಂಥವರಿಂದಲೇ ಕಾಯಿಲೆ ಹರಡೋದು...' ತನ್ನದೇ ಮಾತು ತಿರುಗಿ ಬಂದು ಕಪಾಳಕ್ಕೆ ಬಾರಿಸಿತು. ಬೆಳಗ್ಗೆಯಿಂದ ಚುಚ್ಚುತ್ತಿದ್ದ ಬಲಗಣ್ಣು ಈಗ ಉರಿಯತೊಡಗಿತ್ತು. ಉಜ್ಜಲು ಎತ್ತಿದ ಕೈಯನ್ನು ಅರ್ಧದಲ್ಲೇ ಇಳಿಸಿದಳು.

ಆಫೀಸಿನಲ್ಲಿ ದೊಡ್ಡ ಸಾಹೇಬರು ಎಲ್ಲ ಕೇಳಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಹಲ್ಲುಕಡ್ಡಿ ತೆಗೆದರು.

"ಪೇಪರಲ್ಲಿ ಬಂದಾಗಿದೆ ಅಮ್ಮ. ಗ್ಲೌಸು ಬಾಕ್ಸುಗಟ್ಟಲೆ ತರಿಸಿದ್ದೀವಿ. ಈಗ ನಮ್ಮಿಂದ್ಲೇ ಹರಡಿತು ಅಂದ್ರೆ ಜನ ಉಗೀತಾರೆ. ಅಂಗಡಿಯವನು ತಾನೇ? ನಾಲ್ಕು ದಿನ ಅತ್ತು ಸುಮ್ನಾಗ್ತಾನೆ. ನಿಮ್ಮ ಕೆಲಸ ಖಾಯಂ ಆಗೋದು ನನ್ನ ಕೈಯಲ್ಲಿದೆ, ಅದು ನೆನಪಿರ್ಲಿ."

ಅವಳು ಆ ಕೈಯನ್ನೇ ನೋಡಿದಳು. ಉಂಡ ಎಣ್ಣೆ ಇನ್ನೂ ಬೆರಳಿಗಂಟಿತ್ತು.

"ಮೊದ್ಲು ಅದನ್ನ ತೊಳ್ಕೊಳ್ಳಿ ಸರ್" ಎಂದು ಎದ್ದುಬಂದಳು.

ನೆಟ್ಟಗೆ ಕಾರ್ಖಾನೆಗೆ ಹೋಗಿ, ಪಾಳಿ ಬದಲಾಗುವಾಗ ಕೂಗುವ ಮೈಕು ಹಿಡಿದಳು. ಗ್ಲೌಸಿನ ವಿಷಯ ಹೇಳಿದಳು. ತಪ್ಪು ತನ್ನದು ಎಂದಳು. ಅಂಗಡಿಯವನದಲ್ಲ ಎಂದಳು. ಇವತ್ತಿಂದ ಡ್ರಾಪ್ಸಿನ ಸಾಲು ಬಂದ್; ಕೆಂಪು ಕಣ್ಣಿನವರಿಗೆ ರಜೆ; ಪ್ರತಿ ಯಂತ್ರದ ಸಾಲಿಗೂ ಸೋಪು, ನೀರು.

"ಓದಿದ್ದು ಸಾಲ್ದೇನೋ!" ಎಂದು ಯಾರೋ ಕೂಗಿದರು. ತಲೆ ತಗ್ಗಿಸಿ ಕೇಳಿಸಿಕೊಂಡಳು. ದೊಡ್ಡ ನರ್ಸಮ್ಮ ಬಂದು ಬಕೆಟ್ಟು ಮುಂದಿಟ್ಟರು. "ಮೈಕು ಮುಟ್ಟಿದ್ದೀಯ, ಕೈ ತೊಳ್ಕೋ" ಎಂದರು. ಅಷ್ಟೇ ಅಂದದ್ದು.

*

ಡಾಕ್ಟರಮ್ಮನ ಎರಡೂ ಕಣ್ಣು ಕೆಂಡವಾಗಿದ್ದವು, ಅಂಗಡಿಯ ಮುಂದೆ ನಿಂತಾಗ. ಮೆಟ್ಟಿಲಿಂದ ದೂರದಲ್ಲೇ ನಿಂತಳು. ಬೀಗದ ಕೈಯನ್ನು ಸೋಪಿನ ನೀರಲ್ಲಿ ಅದ್ದಿ ತಂದಿದ್ದಳು. ಮೆಟ್ಟಿಲ ಅಂಚಿಗೆ ಎಸೆದಳು.

"ನಿಮ್ಮ ಫ್ರೇಮಿಂದ ಯಾರಿಗೂ ಬಂದಿಲ್ಲ. ನಿಮ್ಮಕ್ಕನ ಕಣ್ಣು... ಅದು ನನ್ನ ಸಾಲಲ್ಲಿ ಹೋಗಿದ್ದು. ನಾನು ಹಾಕ್ಸಿದ ಗ್ಲೌಸಿಂದ."

ಅವನು ಬೀಗದ ಕೈ ಎತ್ತಿಕೊಳ್ಳದೆ ಎದ್ದು ನಿಂತ.

"ನಾನೇ ನನ್ನಕ್ಕನ ಕಣ್ಣು ತೆಗೆದೆ ಅಂತ ತುತ್ತು ಇಳೀದೆ ಕೂತಿದ್ದೀನಿ" ಎಂದ. "ನೀವು ಆರಾಮಾಗಿ ಬಂದು ಬೀಗದ ಕೈ ಎಸೀತೀರ."

"ಆರಾಮಾಗಿ ಇಲ್ಲ..."

"ಹೋಗಿ. ಹೋಗ್ರಿ ಇಲ್ಲಿಂದ!"

ಹೋದಳು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಒಂದನ್ನು ಅಮ್ಮನಿಗೆ ಬಿಟ್ಟು, ಇನ್ನೊಂದರಲ್ಲಿ ಬಾಗಿಲು ಮುಚ್ಚಿಕೊಂಡಳು. ಅಮ್ಮ ಹೊಸಿಲಲ್ಲಿ ತಟ್ಟೆ ಇಟ್ಟು, "ಊರಿಗೆಲ್ಲ ಬುದ್ಧಿ ಹೇಳೋಳು!" ಎಂದು ಗೊಣಗಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಕಣ್ಣಿನ ಉರಿಗಿಂತ ಆ 'ಹೋಗ್ರಿ' ಹೆಚ್ಚು ಉರಿಯಿತು. ಅತ್ತರೆ ಕಣ್ಣೀರು ಒರೆಸಲೂ ಭಯ!

ಒಂದು ಸಂಜೆ ಕೆಳಗಿನ ಬೀದಿಯಿಂದ ದನಿ ಬಂತು.

"ಡಾಕ್ಟ್ರೇ! ಬದುಕಿದ್ದೀರಾ?"

ಕಿಟಕಿಗೆ ಓಡಿದಳು. ಮಸುಕು ಮಸುಕಾಗಿ ಒಂದು ಆಕಾರ. ಗಂಟುಮೋರೆ!

"ಅಕ್ಕ ಕೇಳಿದ್ಲು, ನಾನಲ್ಲ. ಅವಳ ಕಣ್ಣ ಮಂಜು ಇಳೀತಿದೆ. ನಿನ್ನೆ ನನ್ನ ಮುಖ ಕಂಡು, ಅಯ್ಯೋ ಕಾಣದಿದ್ದಾಗಲೇ ಚೆನ್ನಾಗಿತ್ತು ಅಂದ್ಲು."

ಅಳುವಿನ ನಡುವೆ ನಗು ಉಕ್ಕಿತು. "ಸರಿಯಾಗೇ ಅಂದಿದ್ದಾರೆ!"

"ಆ ಬೋರ್ಡು ಒಡೆದು ಹಾಕ್ದೆ. ಸುಳ್ಳು ಅಂತ ಗೊತ್ತಿದ್ದೂ ಹಾಕಿದ್ದೆ. ವ್ಯಾಪಾರ ಅಲ್ವಾ..." ಸ್ವಲ್ಪ ತಡೆದು, "ಮೈಕಲ್ಲಿ ಹೇಳೋಷ್ಟು ಗುಂಡಿಗೆ ನನಗೆ ಇರಲಿಲ್ಲ" ಎಂದ.

ಅಲ್ಲಿಂದಾಚೆ ದಿನಾ ಸಂಜೆ ಬಂದ. ದಿನಾ 'ಅಕ್ಕ ಕೇಳಿದ್ಲು' ಎಂದ. ಅಕ್ಕ ಏನನ್ನೂ ಕೇಳಿರಲಿಲ್ಲ ಎಂಬುದು ಟೈರ್ ಅಂಗಡಿಯವರಿಗೂ ಗೊತ್ತಿತ್ತು.

*

ಕಾರ್ಖಾನೆಯ ಬೇನೆ ಇಳಿಯಿತು. ಪೇಪರಿನವರು ಒಳಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ತಿದ್ದುಪಡಿ ಹಾಕಿ ಪುಣ್ಯ ಕಟ್ಟಿಕೊಂಡರು. ಖಾಯಂ ಕೆಲಸ ದೊಡ್ಡ ಸಾಹೇಬರ ಮಾತಿಗೆ ತಲೆಯಾಡಿಸುವ ಇನ್ನೊಬ್ಬರಿಗೆ ಹೋಯಿತು. ಡಾಕ್ಟರಮ್ಮ ತಾತ್ಕಾಲಿಕವಾಗಿಯೇ ಉಳಿದಳು. ಆದರೆ ಕಣ್ಣು ತಿಳಿಯಾದ ದಿನ ಅವಳು ಹೋದದ್ದು ಆಫೀಸಿಗಲ್ಲ.

ಅಂಗಡಿಯ ಬಾಗಿಲಲ್ಲಿ ಹೊಸದೊಂದು ನೀರಿನ ಡ್ರಮ್ಮು, ನಲ್ಲಿ, ಸೋಪು. ಅಕ್ಕ ದಪ್ಪ ಗಾಜಿನ ಕನ್ನಡಕ ಹಾಕಿ ಒಳಗೆ ಕೂತಿದ್ದವಳು ಇವಳನ್ನು ಕಂಡು, "ನಂಗೆ ಮಾರ್ಕೆಟ್ಟಲ್ಲಿ ಕೆಲ್ಸ ಇದೆ" ಎಂದು ಚೀಲವೂ ಇಲ್ಲದೆ ಹೊರಟಳು.

ಅವನು ಇವಳ ಮುಖ ನೋಡಿದ. ಮೂಗಿನ ಮೇಲಿನ ಕನ್ನಡಕ ನೋಡಿದ.

"ಪೂರ್ತಿ ವಾಲಿದೆ. ಕೊಡಿ."

"ಕೈ ತೊಳೆದಿದ್ದೀರಾ?"

"ತೊಳೆದಿದ್ದೀನಿ."

"ನಾನು ನೋಡಿಲ್ಲ."

ಅವನು ಹಲ್ಲು ಕಚ್ಚಿ ನಲ್ಲಿಯ ಬಳಿ ಹೋದ. ತೋಳು ಮಡಚಿ, ಬೆರಳ ಸಂದಿ ಸಂದಿಗೂ ನೊರೆ ಬರಿಸಿ ಉಜ್ಜಿದ. ಒಬ್ಬ ಗಂಡಸು ಇಷ್ಟು ಶ್ರದ್ಧೆಯಿಂದ ತನಗಾಗಿ ಏನನ್ನಾದರೂ ಮಾಡಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಒದ್ದೆ ಕೈಯನ್ನು ಗಾಳಿಗೆ ಹಿಡಿದು ಬಂದು ನಿಂತ. ಕನ್ನಡಕ ತೆಗೆದ. ತಿದ್ದಿದ. ಮತ್ತೆ ತೊಡಿಸುವಾಗ ತಣ್ಣನೆಯ ಬೆರಳು ಅವಳ ಕಿವಿಯ ಹಿಂದೆ ತಾಗಿ... ಅಲ್ಲೇ ನಿಂತಿತು.

"ನಿಮ್ಮಂಥ ಜಂಬಗಾತೀನ ನಾನು ಈ ಜನ್ಮದಲ್ಲಿ ನೋಡಿಲ್ಲ" ಎಂದ ಮೆಲ್ಲಗೆ. "ದಿನಾ ನೋಡ್ಬೇಕು ಅನ್ಸುತ್ತೆ. ಏನ್ ಮಾಡ್ಲಿ ಹೇಳಿ."

"ಔಷಧಿ ಇಲ್ಲ" ಎಂದಳು. "ನಂಗೂ ಅದೇ ಆಗಿದೆ."

"ಮತ್ತೆ ಬೀಗ ಹಾಕಲ್ವಾ?"

ಅವಳು ಬಾಗಿಲ ಬಳಿ ಹೋಗಿ, ನಲ್ಲಿ ತಿರುಗಿಸಿ, ತನ್ನ ಕೈಯನ್ನೂ ಸೋಪು ಹಚ್ಚಿ ತೊಳೆದಳು. ಬಂದು, ನೀರು ತೊಟ್ಟಿಕ್ಕುವ ಆ ಬರಿಗೈಯನ್ನು ಅವನ ಮುಂದೆ ಚಾಚಿದಳು.

"ಹಿಡ್ಕೊಳ್ರಿ ಗಂಟುಮೋರೆ. ಒಣಗೋದ್ರೊಳಗೆ."